ವೇದಿಕೆಗೂ ಒಲೆಯ ಮುಂದಕ್ಕೂ ಒಂದೇ ಇಯರ್‌ಫೋನ್

ನನ್ನ ತಾಯಿಗೆ ಐವತ್ತು ದಾಟುತ್ತಿದ್ದಂತೆ ಕಿವಿ ಮಂದವಾಯಿತು. ಮೊದಲು ಹೋದದ್ದು ದಪ್ಪ ದನಿಗಳು. ಓಣಿಯ ಹಿಟ್ಟಿನ ಗಿರಣಿ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬುದೇ ತಿಳಿಯದಾಯಿತು. ಆಮೇಲೆ ನಮ್ಮಪ್ಪನ ಮಾತು ಕೇಳದಾಯಿತು. “ಅದೊಂದು ಪುಣ್ಯ ಬಿಡು ನಿಂಗೆ” ಎಂದು ಸೋದರತ್ತೆ ಚುಡಾಯಿಸಿದ್ದಳು. ಅದನ್ನೂ ಅವ್ವ ಅರ್ಧ ಕೇಳಿ, ಅರ್ಧ ತುಟಿ ನೋಡಿ ತಿಳಿದುಕೊಂಡಳು. ಅವ್ವನ ತಾಯಿಗೂ ಹೀಗೇ ಆಗಿತ್ತಂತೆ. ಹಾಗಾಗಿ, ನನಗೆ ಐವತ್ತೊಂದು ತುಂಬಿದ ವರ್ಷ ಪಕ್ಕದ ಬಾತಿ ಊರಿನ ಒಂದು ನಾಮಕರಣದಲ್ಲಿ ಹಾಡುತ್ತಿದ್ದಾಗ ಢೋಲಕ್ಕಿನ ದಪ್ಪ ಪೆಟ್ಟು ನನ್ನ ಕಿವಿಯಿಂದ ಮಾಯವಾದಾಗ, ಎಲ್ಲಕ್ಕಿಂತ ಮೊದಲು ನೆನಪಾದದ್ದು ಆ ಹಿಟ್ಟಿನ ಗಿರಣಿ.

ದಾವಣಗೆರೆಯಲ್ಲಿ ಮದುವೆ, ನಾಮಕರಣ, ಬೀಗರೂಟಗಳಿಗೆ ಹಾಡುವ ಒಂದು ಆರ್ಕೆಸ್ಟ್ರಾದಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಜನರ ಕಡೆ ಮುಖ ಮಾಡಿದ ದೊಡ್ಡ ಸ್ಪೀಕರುಗಳು ನಮಗೆ ಕೇಳುವುದಿಲ್ಲ. ನಮ್ಮ ಹಾಡು ನಮಗೆ ಕೇಳಲೆಂದು ಕಾಲ ಬಳಿ, ನಮ್ಮ ಕಡೆಗೇ ತಿರುಗಿಸಿದ ಒಂದು ಡಬ್ಬಿ ಇರುತ್ತಿತ್ತು. ಇಷ್ಟು ವರ್ಷ ಅದನ್ನೇ ನಂಬಿ ಹಾಡಿದ್ದೆವು. ಒಂದು ದಿನ ನಮ್ಮ ಯಜಮಾನರು, ಎಂದರೆ ಕೀಬೋರ್ಡ್ ನುಡಿಸುತ್ತ ತಂಡ ನಡೆಸುವವರು, ಅದಕ್ಕೆ ಮಂಗಳ ಹಾಡಿದರು.

“ಈ ಡಬ್ಬಿ ಹೊತ್ತೂ ಹೊತ್ತೂ ಸಾಕಾಗೈತಿ. ಇನ್ಮೇಲೆ ಎಲ್ರೂ ಕಿವಿಗೇ ಹಾಕ್ಕಳ್ರಿ. ಸೊಂಟಕ್ಕೆ ಸಿಗಿಸ್ಕಳೋ ಮಷಿನ್ ನಾ ಕೊಡ್ತೀನಿ. ಇಯರ್‌ಫೋನ್ ಮಾತ್ರ ನಿಮ್ಮವೇ ತಗಳ್ರಿ. ಒಬ್ರ ಕಿವೀದು ಇನ್ನೊಬ್ರಿಗೆ ಬ್ಯಾಡ.”

ನನಗೆ ಒಳಗೊಳಗೇ ಖುಷಿಯಾಯಿತು. ರೊಟ್ಟಿ ತಟ್ಟುವಾಗ ಹಳೆಯ ಹಾಡು ಕೇಳುವ ಚಟ ನನಗೆ ಮೊದಲಿನಿಂದಲೂ ಇದೆ. ಫೋನಿನ ಜೊತೆ ಬಂದಿದ್ದ ಇಯರ್‌ಫೋನು ಒಂದು ಕಿವಿಗೆ ಮಾತ್ರ ಹಾಡುತ್ತಿತ್ತು. ವೇದಿಕೆಗೂ ಆಗುವ, ಒಲೆಯ ಮುಂದಕ್ಕೂ ಆಗುವ ಒಂದೇ ಜೊತೆ ತಂದರಾಯಿತು ಎಂದು ಪೇಟೆಗೆ ಹೋದೆ. ಅಂಗಡಿಯವನು ಒಂದು ಮಿರಿಮಿರಿ ಜೊತೆ ತೆಗೆದ. ಅದರ ವೈರು ಕೆಳಕ್ಕೆ ಇಳಿಯುವುದಿಲ್ಲ. ಕಿವಿಯ ಮೇಲಿಂದ ಸುತ್ತಿ ಹಿಂದೆ ಹೋಗುತ್ತದೆ.

“ಸ್ಟೇಜ್ ಮ್ಯಾಲೆ ಹಾಡೋರೆಲ್ಲ ಇದನ್ನೇ ಹಾಕ್ಕಳೋದು ಮೇಡಂ. ಎಷ್ಟು ಕುಣದ್ರೂ ಬೀಳಲ್ಲ.”

“ನಾ ಎಲ್ಲಪ್ಪಾ ಕುಣೀತೀನಿ ಈ ವಯಸ್ನಾಗೆ” ಎಂದೆ. ಆದರೂ ಹಾಕಿ ನೋಡಿದೆ. ಹಾಡು ಶುರುವಾದದ್ದೇ ತಡ, ಢೋಲಕ್ಕು ಎದೆಯೊಳಗೇ ಬಡಿದಂತಾಯಿತು. ನಾನು ಸಾವಿರ ಸಲ ಕೇಳಿದ ಹಾಡಿನಲ್ಲಿ, ಹಿಂದೆ ಎಲ್ಲೋ ಒಂದು ಗೆಜ್ಜೆ ಇದೆ ಎಂದು ಅವತ್ತು ಗೊತ್ತಾಯಿತು. ಕಟ್ಟಿಸಿಕೊಂಡು ಬಂದೆ. ಅವತ್ತು ರೊಟ್ಟಿ ಎರಡು ಹೆಚ್ಚೇ ತಟ್ಟಿದೆ.

ಇಲ್ಲಿ ನಮ್ಮ ತಂಡದ ಒಂದು ರಿವಾಜು ಹೇಳಬೇಕು. ಹಾಡುವ ಹೆಣ್ಣುಮಕ್ಕಳು ಮದುವೆ ಮನೆಯವರ ಹಾಗೆಯೇ ಕಾಣಬೇಕು. ರೇಷ್ಮೆ ಸೀರೆ, ಮುಡಿತುಂಬ ಹೂ, ಕಿವಿಗೆ ಜುಮುಕಿ. ನನ್ನ ಜುಮುಕಿ ಅವ್ವನವು. ಹಳೆಯ ಕಾಲದ ಗಟ್ಟಿ ಮಾಲು, ಬರೀ ಕಿವಿಗೆ ಹಾಕಿದರೆ ತೂತು ಹರಿದು ಕೈಗೆ ಬರುತ್ತದೆ. ಅದಕ್ಕೆಂದೇ ಮಾಟಿ ಇರುವುದು. ಜುಮುಕಿಯ ಭಾರ ಹೊರಲು ಕಿವಿಯ ಹಿಂದಿನಿಂದ ಮೇಲಕ್ಕೆ ಎಳೆದು ಕೂದಲಿಗೆ ಸಿಗಿಸುವ ಮುತ್ತಿನ ಸರ. ಪ್ರತಿ ಕಾರ್ಯಕ್ರಮದ ದಿನ ಅದನ್ನು ಸಿಗಿಸುವುದು ಅವ್ವನ ಕೆಲಸ. ಕಿವಿ ಕೇಳದಿದ್ದರೇನು, ಅವಳ ಬೆರಳು ಇವತ್ತಿಗೂ ಚುರುಕು. ಸಿಗಿಸಿ, ಗದ್ದ ಹಿಡಿದು ಮುಖ ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಹ್ಞೂಂ, ಹೋಗು” ಎನ್ನುತ್ತಾಳೆ.

ಬಾತಿಯ ನಾಮಕರಣಕ್ಕೂ ಹೀಗೆಯೇ ಸಿಂಗಾರವಾಗಿ ಹೋದೆ. ವೇದಿಕೆ ಹತ್ತಿದೆ, ಹೊಸ ಇಯರ್‌ಫೋನು ಕಿವಿಗೆ ಸೇರಿಸಿದೆ. ಮೊದಲ ಹಾಡಿಗೇ ಢೋಲಕ್ಕು ಮಾಯ. ಪೆಟ್ಟಿನ ಬದಲು ಚಟಚಟ ಎಂಬ ಸದ್ದು, ಯಾರೋ ಒಣ ತೊಗರಿ ಕಡ್ಡಿ ಮುರಿದ ಹಾಗೆ. ನನ್ನದೇ ದನಿ ತಗಡಿನ ಡಬ್ಬಿಯೊಳಗಿಂದ ಬರುತ್ತಿತ್ತು. ಸೊಂಟದ ಮಷಿನ್ನಿನ ಗುಂಡಿ ತಿರುವಿ ಸದ್ದು ಜಾಸ್ತಿ ಮಾಡಿದೆ. ಚಟಚಟ ಜಾಸ್ತಿಯಾಯಿತೇ ಹೊರತು ಪೆಟ್ಟು ಬರಲಿಲ್ಲ. ತಾಳ ಸಿಗದೆ ಎರಡನೆಯ ಚರಣವನ್ನು ಅರ್ಧ ಮಾತ್ರೆ ಮೊದಲೇ ಹಿಡಿದೆ. ನನ್ನ ಜೊತೆ ಹಾಡುವ ಗಂಡುದನಿಯವರು ಮೈಕು ಪಕ್ಕಕ್ಕೆ ಸರಿಸಿ ಕೇಳಿದರು: “ಏನಕ್ಕಾರೆ, ಬಸ್ಸಿಗೆ ಹೊತ್ತಾತೇನು?”

ಹದಡಿಯ ಮದುವೆಯಲ್ಲಿ ಇನ್ನೂ ಕೆಟ್ಟಿತು. ಊಟದ ಪಂಕ್ತಿ ನಡೆದಿತ್ತು, ಬಡಿಸುವವರು ಸೌಟು ಹಿಡಿದು ನಿಂತು ನನ್ನ ಕಡೆ ನೋಡುವಷ್ಟು ಶ್ರುತಿ ತಪ್ಪಿದೆ. ಕೊನೆಗೆ ಒಂದು ಕಡೆಯದನ್ನು ಕಿತ್ತು ಹೆಗಲ ಮೇಲೆ ಬಿಟ್ಟುಕೊಂಡು, ಹೇಗೋ ಮುಗಿಸಿದೆ. ಸಾಮಾನು ಕಟ್ಟುವಾಗ ಯಜಮಾನರು ನನ್ನ ಹತ್ತಿರ ಬಂದು, ಕೀಬೋರ್ಡಿನ ಬಟ್ಟೆ ಮಡಚುತ್ತ, ನನ್ನ ಮುಖ ನೋಡದೆ ಮಾತಾಡಿದರು.

“ಅಕ್ಕಾರೆ, ಬೇಜಾರು ಮಾಡ್ಕಬ್ಯಾಡ್ರಿ. ಒಂದ್ಸಲ ಕಿವಿ ತೋರಿಸ್ಕಳ್ರಿ. ಬರೋ ವಾರದ್ದು ಹರಿಹರದಾಗೆ ದೊಡ್ಡ ಮದುವಿ. ಅದಕ್ಕೆ… ಒಬ್ಬ ಹುಡುಗೀಗೂ ಹೇಳೀನಿ. ಸುಮ್ನೆ, ಜೊತೀಗೆ ಇರ್ಲಿ ಅಂತ.”

‘ಜೊತೆಗೆ’ ಎಂದರೆ ಏನೆಂದು ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವಳಿಗೆ ಬಿಡಿಸಿ ಹೇಳಬೇಕಿಲ್ಲ. ನಾನೂ ಮೊದಲು ಯಾರದೋ ಜೊತೆಗೆಂದೇ ಬಂದವಳು.

ಆ ವಾರ ನಾನು ಮನೆಯಲ್ಲಿ ಏನೇನು ಮಾಡಿದೆನೋ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಗೋಡೆ ಗಡಿಯಾರದಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದು ಟಿಕ್ ಟಿಕ್ ಎಲ್ಲಿಯವರೆಗೆ ಕೇಳುತ್ತದೆ ಎಂದು ಅಳೆದೆ. ಗಿರಣಿ ಶುರುವಾಗುವ ಹೊತ್ತಿಗೆ ಹಿತ್ತಲಲ್ಲಿ ಹೋಗಿ ನಿಂತೆ. ಗುಂಯ್ ಎಂದು ಸರಿಯಾಗಿಯೇ ಕೇಳುತ್ತಿತ್ತು. ಅದೇ ಇಯರ್‌ಫೋನು ಹಾಕಿದೆ. ಢೋಲಕ್ಕು, ಗೆಜ್ಜೆ, ಎಲ್ಲ ಇದ್ದವು. ಮನೆಯಲ್ಲಿ ಕೇಳುವ ಕಿವಿ ವೇದಿಕೆಯ ಮೇಲೆ ಯಾಕೆ ಕೇಳುವುದಿಲ್ಲ? ಇದು ಯಾವ ಜಾತಿಯ ಕಿವುಡು? ಅವ್ವ ನನ್ನನ್ನೇ ನೋಡುತ್ತ ಕೂತಿದ್ದವಳು, “ಯಾಕ, ಕಿವಿ ನೋಯ್ತೈತೇನು?” ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಅವಳಿಗೆ ಮಾತ್ರ ಇದನ್ನು ಹೇಳುವ ಮನಸ್ಸಾಗಲಿಲ್ಲ. ತನ್ನಿಂದಲೇ ಬಂತೆಂದು ಕೊರಗುತ್ತಾಳೆ.

ದಾವಣಗೆರೆಯಲ್ಲಿ ಕಿವಿ ಪರೀಕ್ಷೆ ಮಾಡುವಲ್ಲಿಗೆ ಹೋದೆ. “ಕಿವಿಯಾಗಿರೋದೆಲ್ಲ ಬಿಚ್ಚಿಡ್ರಿ” ಎಂದು ಅಲ್ಲಿನ ಹೆಣ್ಣುಮಗಳು ನನ್ನ ಸಣ್ಣ ಓಲೆಯನ್ನೂ ತೆಗೆಸಿದಳು. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ದಪ್ಪ ಸದ್ದು, ಸಣ್ಣ ಸದ್ದು, ಬಹಳ ದೂರದ ಸದ್ದು. ಹೆದರಿಕೆಗೆ ಕೇಳದ ಸದ್ದಿಗೂ ಒಂದೆರಡು ಸಲ ಒತ್ತಿದೆನೆಂದು ತೋರುತ್ತದೆ. ಹೊರಗೆ ಬಂದಾಗ ಅವಳು ನಗುತ್ತಿದ್ದಳು.

“ನಿಮ್ಮ ವಯಸ್ಸಿಗೆ ಇಷ್ಟು ಚಂದ ಕೇಳೋ ಕಿವಿ ಕಮ್ಮಿ ಬಿಡ್ರಿ. ಏನೂ ಆಗಿಲ್ಲ, ಆರಾಮ ಹೋಗ್ರಿ.”

ಮೆಟ್ಟಿಲಿಳಿಯುವಾಗ ಅರ್ಧ ಭಾರ ಇಳಿದಿತ್ತು. ಇನ್ನರ್ಧ ಇಳಿಯಲಿಲ್ಲ. ಕಿವಿ ಸರಿಯಿದ್ದರೆ, ಕೆಟ್ಟದ್ದು ಹಾಡೇ ಇರಬೇಕಲ್ಲ?

ಹರಿಹರದಲ್ಲಿ ನಮ್ಮ ತಂಡಕ್ಕೆ ಮೊದಲಿನಿಂದಲೂ ಮೈಕ್ ಸೆಟ್ ಕಟ್ಟುತ್ತಿದ್ದ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಚಾಚಾ ಎನ್ನುತ್ತೇನೆ. ಈಗ ಕಾರ್ಯಕ್ರಮಗಳಿಗೆ ಬರುವುದಿಲ್ಲ. ಕೆಳಗೆ ರಿಪೇರಿ ಅಂಗಡಿ, ಮೇಲೆ ಮನೆ. ಮದುವೆಗೆ ಎರಡು ದಿನ ಮುಂಚೆ ಬಸ್ಸು ಹತ್ತಿ ಅವರಲ್ಲಿಗೆ ಹೋದೆ.

“ಬಾ ಬೇಟಿ, ಕೂಡ್ರು. ಮಾರಿ ಯಾಕ ಸಣ್ಣ ಆಗೈತೆ?”

ಎಲ್ಲ ಹೇಳಿದೆ. ಅವರು ನನ್ನ ಇಯರ್‌ಫೋನು ಒರೆಸಿ ತಮ್ಮ ಕಿವಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕೂತರು. “ಮಾಲು ಏಕ್‌ದಂ ಚೊಕ್ಕ ಐತೆ” ಎಂದರು. ಮತ್ತೆ ಒರೆಸಿ ನನಗೆ ಕೊಟ್ಟರು. ಹಾಕಿಕೊಂಡೆ, ಅವರ ಮೈಕಿನಲ್ಲಿ ಒಂದು ಸಾಲು ಹಾಡಿದೆ. ನನ್ನ ದನಿ ತುಂಬಿಕೊಂಡು ಬಂತು. ಅವರು ಮೇಜು ಬಡಿದದ್ದೂ ದಪ್ಪಗೆ ಕೇಳಿತು.

“ನೋಡ್ರಿ ಚಾಚಾ, ಇಲ್ಲೂ ಕೇಳ್ತೈತೆ. ಸ್ಟೇಜ್ ಹತ್ತಿದ್ರೆ ಇಲ್ಲ. ನನ್ನ ಹಾಡು ಮುಗೀತು ಅನ್ಸುತ್ತೆ.”

ಚಾಚಾ ಗಡ್ಡ ಕೆರೆದುಕೊಂಡರು. “ಸ್ಟೇಜಿನ ಮ್ಯಾಲೂ ಹಿಂಗೇ ನಿಂತ್ಕಂತೀಯೇನು? ಕಾಟನ್ ಸೀರಿ, ತುರುಬು?”

“ಎಲ್ಲೀದು! ರೇಷ್ಮೆ, ಹೂ, ಜುಮುಕಿ, ಮಾಟಿ…”

ನಾನು ಮಾತು ಮುಗಿಸುವ ಮೊದಲೇ ಮೆಟ್ಟಿಲ ಮೇಲಿಂದ ಚಾಚಿಯ ದನಿ ಬಂತು. ಚಹಾದ ತಟ್ಟೆ ಹಿಡಿದು ಅರ್ಧ ಮೆಟ್ಟಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

“ನಲ್ವತ್ತು ವರ್ಷ ಮೈಕ್ ಕಟ್ಟೀರಿ, ಹೆಂಗಸ್ರ ಕಿವಿ ಒಂದಿನ ನೋಡಿಲ್ಲ ನೀವು! ಸಹಾರಾ ಹಾಕ್ಕಂಡು ಫೋನ್ ಹಚ್ಕಂಡ್ರೆ ನಂಗೂ ಕೇಳಲ್ಲ. ತಡಿ ಬೇಟಿ, ಬಂದೆ.”

ನಾವು ಮಾಟಿ ಎನ್ನುವುದನ್ನು ಅವರು ಸಹಾರಾ ಎನ್ನುತ್ತಾರೆ. ಮೇಲೆ ಹೋಗಿ ತಮ್ಮ ಮದುವೆಯ ಜುಮುಕಿ, ಸಹಾರಾ ಎರಡೂ ತಂದು, ಅಂಗಡಿಯ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಹಾಕಿದರು. ಅದರ ಮೇಲೆ ಇಯರ್‌ಫೋನು ಹಾಕಿಕೊಂಡೆ. ಚಾಚಾ ಹಾಡು ಬಿಟ್ಟರು. ಮೊದಲು ಸರಿಯಿತ್ತು. “ತಲಿ ಎತ್ತು, ಜನಾನ ನೋಡು” ಎಂದರು ಚಾಚಿ. ತಲೆ ಎತ್ತಿ, ವೇದಿಕೆಯ ಮೇಲೆ ನೋಡುವ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದೆ.

ಚಟಚಟ. ಅದೇ ಒಣ ತೊಗರಿ ಕಡ್ಡಿ.

ಆಮೇಲೆ ಚಾಚಾ ಒಂದು ಕನ್ನಡಿ ತಂದು ಪಕ್ಕಕ್ಕೆ ಹಿಡಿದು ತೋರಿಸಿದರು. ಇಯರ್‌ಫೋನಿನ ವೈರು ಕಿವಿಯ ಹಿಂದೆ ಯಾವ ಸಂದಿಯಲ್ಲಿ ಹಾಯುತ್ತದೋ, ಸರವೂ ಅದೇ ಸಂದಿಯಲ್ಲಿ ಹಾಯುತ್ತಿತ್ತು. ತಲೆಯಾಡಿಸಿದಾಗಲೆಲ್ಲ ಜುಮುಕಿ ಜಗ್ಗಿ, ಸರ ವೈರನ್ನು ಎತ್ತಿ, ಕಿವಿಯೊಳಗಿನ ರಬ್ಬರು ಒಂದು ಎಳ್ಳಿನಷ್ಟು ಹೊರಗೆ ಬರುತ್ತಿತ್ತು. “ಇಷ್ಟೇ ಸಂದಿ ಸಾಕು ಬೇಟಿ, ದಪ್ಪ ಸದ್ದೆಲ್ಲ ಸೋರಿ ಹೋಗ್ತೈತೆ. ಸಣ್ಣದು ಮಾತ್ರ ಉಳೀತೈತೆ. ನೀ ವಾಲ್ಯೂಮ್ ಏರ್ಸಿದಷ್ಟೂ ಅದೇ ಚೀರ್ತೈತೆ.”

ನಾನು ನಗಲು ಶುರು ಮಾಡಿದೆ. ನಿಲ್ಲಿಸಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಚಾಚಿ ಬೆನ್ನು ಸವರಿ, “ಅಳ್ತೀಯೋ ನಗ್ತೀಯೋ, ಒಂದು ಮಾಡು. ಚಹಾ ಆರೋಗ್ತೈತೆ” ಎಂದರು. ಪೇಟೆಯ ಅಂಗಡಿಯಲ್ಲಿ ಹಾಕಿ ನೋಡಿದ್ದು ಬರೀ ಕಿವಿಗೆ. ಮನೆಯಲ್ಲಿ ರೊಟ್ಟಿ ತಟ್ಟುವಾಗಲೂ ಬರೀ ಕಿವಿ. ಪರೀಕ್ಷೆಗೆ ಹೋದರೆ ಇದ್ದ ಓಲೆಯನ್ನೂ ಬಿಚ್ಚಿಸಿದರು. ಸಿಂಗಾರವಾದ ಕಿವಿಯನ್ನು ಒಬ್ಬರೂ ಪರೀಕ್ಷೆ ಮಾಡಿರಲಿಲ್ಲ.

ಜುಮುಕಿ ಬಿಚ್ಚದೆಯೇ ಬೇರೆ ಜೊತೆ ಆರಿಸಿದೆವು. ವೈರು ನೇರ ಕೆಳಗಿಳಿಯುವ, ಹುಣಸೆ ಬೀಜದಷ್ಟು ಚಿಕ್ಕ ಇಯರ್‌ಫೋನುಗಳನ್ನು ಚಾಚಾ ಮೂರು ಬಗೆಯವು ತೆಗೆದರು. ಒಂದರಲ್ಲಿ ಹಾಡು ಕೇಳಲು ಬಲು ಸೊಗಸು, ಢೋಲಕ್ಕು ಗುಡುಗಿದಂತೆ. ಆದರೆ ನಾನು ಬಾಯಿ ತೆರೆದರೆ ನನ್ನ ದನಿ ಅದರಡಿ ಹೂತು ಹೋಗುತ್ತಿತ್ತು. ಇನ್ನೊಂದರಲ್ಲಿ ನನ್ನ ದನಿಯ ಉಸಿರೂ ಬಿಡದೆ ಕೇಳುತ್ತಿತ್ತು. ವೇದಿಕೆಗೆ ಸರಿ, ಆದರೆ ಎರಡು ಹಾಡು ಕೇಳುವಷ್ಟರಲ್ಲಿ ಕಿವಿ ಚುಚ್ಚಿದಂತಾಯಿತು. ಇದನ್ನು ಹಾಕಿಕೊಂಡು ಯಾರು ರೊಟ್ಟಿ ತಟ್ಟುತ್ತಾರೆ? ಮೂರನೆಯದು ಎರಡಕ್ಕೂ ನಡುವೆ. ನನ್ನ ದನಿ ಮುಂದೆ, ಢೋಲಕ್ಕು ಅದರ ಹೆಗಲಿಗೆ. ಗಟ್ಟಿ ರಬ್ಬರು ತೆಗೆದು, ಹಿಂಡಿ ಒಳಗಿಟ್ಟರೆ ಮೆಲ್ಲಗೆ ಉಬ್ಬಿ ಕೂರುವ ಮೆತ್ತನೆಯ ಸ್ಪಂಜಿನ ಟೋಪಿ ಹಾಕಿದರು. ತಲೆ ಎತ್ತಿದೆ, ತಿರುಗಿಸಿದೆ, ಕಡೆಗೆ ಚಾಚಿ ಹೇಳಿದರೆಂದು ಎರಡು ಹೆಜ್ಜೆ ಕುಣಿದೂ ಬಿಟ್ಟೆ. ಢೋಲಕ್ಕು ಅಲ್ಲಾಡಲಿಲ್ಲ. ಮಿರಿಮಿರಿ ಜೊತೆಯ ಗೆಜ್ಜೆ ಇದರಲ್ಲಿ ಅಷ್ಟು ಕೇಳುವುದಿಲ್ಲ, ಅದೊಂದು ಸಣ್ಣ ಆಸೆ ಉಳಿಯಿತು. ಇರಲಿ.

ಹರಿಹರದ ಮದುವೆಯ ದಿನ ಅವ್ವ ಎಂದಿನಂತೆ ಮಾಟಿ ಸಿಗಿಸಿದಳು. ಮಧ್ಯಾಹ್ನ ಅಕ್ಷತೆ ಮುಗಿದು ಊಟ ಶುರುವಾದಾಗ ನಮ್ಮ ಹಾಡೂ ಶುರುವಾಯಿತು. ಮೊದಲ ಪೆಟ್ಟು ಕಿವಿಯೊಳಗೆ ದುಂಡಗೆ ಬಿತ್ತು. ಆಮೇಲೆ ನಾನು ಏನೂ ಯೋಚಿಸಲಿಲ್ಲ, ಹಾಡಿದೆ. ಮೂರನೆಯ ಹಾಡಿಗೆ ಯಜಮಾನರು ಕೀಬೋರ್ಡಿನ ಮೇಲಿಂದ ತಲೆ ಎತ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಗಂಡುದನಿಯವರು, “ಇವತ್ತು ಬಸ್ ತಪ್ಪಿದ್ರೂ ಪರ್ವಾಗಿಲ್ಲೇನ್ರಿ?” ಎಂದರು.

‘ಜೊತೆಗೆ’ ಬಂದ ಹುಡುಗಿ ಕುರ್ಚಿಯಲ್ಲಿ ಕೂತಿದ್ದಳು. ಒಂದು ಹಾಡು ಅವಳಿಗೂ ಕೊಟ್ಟರು. ಒಳ್ಳೆಯ ಗಂಟಲು. ಆದರೆ ಎರಡನೆಯ ಸಾಲಿಗೇ ಅವಳ ಕೈ ಸೊಂಟದ ಗುಂಡಿಗೆ ಹೋಯಿತು. ಚರಣ ಬರುವ ಹೊತ್ತಿಗೆ ಮುಖ ಬೆವೆತಿತ್ತು. ನಾನು ಅವಳ ಕಿವಿ ನೋಡಿದೆ. ಹೊಳೆಯುವ ದೊಡ್ಡ ಓಲೆ, ಮೇಲೆ ಸರ, ಸರದ ಕೆಳಗೆ ಸುತ್ತಿದ ವೈರು.

ಹಾಡು ಮುಗಿದದ್ದೇ ಅವಳನ್ನು ಪರದೆಯ ಹಿಂದೆ ಎಳೆದುಕೊಂಡು ಹೋದೆ. “ಢೋಲಕ್ ಕೇಳ್ತೈತೇನವ್ವಾ?”

ಅವಳು ತುಟಿ ಕಚ್ಚಿಕೊಂಡಳು. “ಇಲ್ಲಕ್ಕಾ. ಯಾರಿಗೂ ಹೇಳ್ಬ್ಯಾಡ್ರಿ. ನನ್ನ ಕಿವೀನೇ ಹೋಗೈತೋ ಏನೋ…”

“ನಿನ್ನ ವಯಸ್ನಾಗೆ ಎಲ್ಲಿಗೆ ಹೋಗ್ತೈತೆ ಕಿವಿ! ಇತ್ಲಾಗೆ ತಿರುಗು” ಎಂದೆ. ಅವಳ ಓಲೆ ಹಗುರ, ಸರ ಬರೀ ಚಂದಕ್ಕೆ. ಅದನ್ನು ಬಿಚ್ಚಿ ಅವಳ ಕೈಗಿಟ್ಟು, ಸ್ಪಂಜಿನ ಇನ್ನೊಂದು ಜೊತೆ ಟೋಪಿ ನನ್ನ ಹತ್ತಿರ ಇತ್ತು, ಅದನ್ನೂ ಹಾಕಿಕೊಟ್ಟೆ. ಆಮೇಲೆ ಇನ್ನೊಂದು ಹಾಡು ಕೊಟ್ಟಾಗ ಅವಳು ಸೊಂಟ ಮುಟ್ಟಲಿಲ್ಲ. ಸಾಮಾನು ಕಟ್ಟುವಾಗ ಯಜಮಾನರು ಹೇಳಿದರು: “ಇಬ್ರೂ ಇರ್ಲಿ ಅಕ್ಕಾರೆ. ಮಾಯಕೊಂಡದ ಮದುವಿ ಮುಂದಿನ ಸೋಮವಾರ ಐತಿ, ನಿಮ್ಮ ಹಾಡು ನಿಮ್ಮವೇ.”

ದಾವಣಗೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಜುಮುಕಿ, ಮಾಟಿ ಬಿಚ್ಚಿ ಕನ್ನಡಕದ ಡಬ್ಬಿಯಲ್ಲಿಟ್ಟೆ. ಸೊಂಟದ ಮಷಿನ್ನಿನಿಂದ ಬಿಚ್ಚಿದ್ದ ಅದೇ ಇಯರ್‌ಫೋನನ್ನು ಫೋನಿಗೆ ಚುಚ್ಚಿ, ನನಗೆ ಬೇಕಾದ ಹಾಡು ಹಾಕಿಕೊಂಡು ಕಣ್ಣು ಮುಚ್ಚಿದೆ. ಯಾರದೋ ಮದುವೆಗಲ್ಲ, ನನಗೇ ಅಂತ. ಹಾಡಿನ ಮೇಲೆ ಹಾಡು ಹೋಯಿತು. ಯಾರೋ ಭುಜ ತಟ್ಟಿದರು. ಕಣ್ಣು ಬಿಟ್ಟರೆ ಬಸ್ಸು ಖಾಲಿ, ಎದುರಿಗೆ ಕಂಡಕ್ಟರು.

“ಬಸ್‌ಸ್ಟ್ಯಾಂಡ್ ಬಂದು ಎಷ್ಟೊತ್ತಾತು! ಮೂರ್ಸಲ ಕೂಗಿದೆ. ಏನಮ್ಮಾ, ಕಿವಿ ಕೇಳಲ್ವಾ ನಿಂಗೆ?”

“ಕೇಳ್ತೈತಪ್ಪಾ” ಎಂದೆ. “ಭಾಳ ಚಂದ ಕೇಳ್ತೈತೆ.”

ನಾನು ಅಷ್ಟೊಂದು ಯಾಕೆ ನಗುತ್ತಿದ್ದೇನೆಂದು ತಿಳಿಯದೆ ಅವನು ನನ್ನ ಚೀಲ ಎತ್ತಿ ಬಾಗಿಲವರೆಗೂ ತಂದುಕೊಟ್ಟ.