ಮಾಸ್ತರರು ಒಂದು ಸ್ಟಾಪು ಮುಂದೆ ಇಳಿಯುತ್ತಿದ್ದರು

ವಾದಿರಾಜ ಮಾಸ್ತರರು ತಮ್ಮ ಮನೆಯೆದುರಿನ ಸ್ಟಾಪಿನಲ್ಲಿ ಬಸ್ಸಿಳಿದದ್ದನ್ನು ಕಂಡವರು ಕಡಿಮೆ. ಬಸ್ಸು ಬಾಗಿಲಿಗೇ ಬಂದು ನಿಂತರೂ ಅವರು ಸೀಟು ಬಿಟ್ಟು ಏಳುತ್ತಿರಲಿಲ್ಲ. ಜೊತೆಗಿದ್ದ ಹೆಂಡತಿ ತುಳಸಿಬಾಯಿ ಮಾತ್ರ ಕಾಯಿಪಲ್ಲೆಯ ಚೀಲ ಹಿಡಿದು ಇಳಿಯುವರು. ಮಾಸ್ತರರು ಮುಂದಿನ ಸ್ಟಾಪಿನವರೆಗೆ ಹೋಗಿ, ರಾಯಚೂರಿನ ಆ ಬಿಸಿಲಿನಲ್ಲಿ ಛತ್ರಿ ಬಿಚ್ಚಿಕೊಂಡು, ಹಿಂದಕ್ಕೆ ನಡೆದು ಬರುವರು. ಅವರು ಮನೆ ಮುಟ್ಟುವಷ್ಟರಲ್ಲಿ ಕಾಫಿ ತಯಾರಾಗಿರುತ್ತಿತ್ತು.

ಕಾರಣ ಇಷ್ಟೇ. ಆ ಸ್ಟಾಪಿನ ಹೆಸರು ‘ದಸ್ತಗೀರ್ ಅಂಗಡಿ’. ಟಿಕೀಟು ಬೇಕೆಂದರೆ ಕಂಡಕ್ಟರನ ಮುಂದೆ ಆ ಹೆಸರು ಹೇಳಬೇಕು. ಅದೊಂದು ತಮ್ಮ ಬಾಯಿಂದ ಬರುವುದಿಲ್ಲ ಎಂದು ಮಾಸ್ತರರು ಹಟ ಹಿಡಿದಿದ್ದರು.

ಅವರ ಹೊಟ್ಟೆಕಿಚ್ಚಿಗೆ ಬುಡವಿತ್ತು. ಮಾನ್ವಿಯಲ್ಲಿ ಹುಟ್ಟಿ, ದೇವದುರ್ಗದ ಸಾಲೆಯಲ್ಲಿ ಬಹುಕಾಲ ಗಣಿತ ಕಲಿಸಿ, ರಾಯಚೂರಿಗೆ ವರ್ಗವಾಗಿ ಬಂದಾಗ ಕಲ್ಮಲದ ಕಡೆಗೆ ಹೋಗುವ ಆ ರಸ್ತೆಯ ಬದಿಗೆ ಜಾಲಿಕಂಟಿ ಬಿಟ್ಟರೆ ಏನೂ ಇರಲಿಲ್ಲ. ಊರು ಒಂದು ದಿನ ಇಲ್ಲಿಗೇ ನಡೆದು ಬರುತ್ತದೆ ಎಂದು ಅವರು ಹೇಳಿದರೆ ನೆಂಟರು ನಗುತ್ತಿದ್ದರು. ಅಲ್ಲಿ ಮೊದಲು ಮನೆ ಕಟ್ಟಿದವರು ಅವರು. ಮೊದಲು ಬೋರು ಕೊರೆಸಿದವರು ಅವರು. ಒಂದು ಬಸ್ಸು ಬಿಡಿಸಲಿಕ್ಕೆ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರೂ ಅವರೇ.

ಗಾಯದ ಮೇಲೆ ಬರೆಯೆಂದರೆ, ಗುಲಾಮ್ ದಸ್ತಗೀರನನ್ನು ಅಲ್ಲಿಗೆ ಕರೆತಂದವರೂ ಅವರೇ. ಜಾಲಿಮುಳ್ಳಿಗೆ ಮಾಸ್ತರರ ಸೈಕಲ್ಲು ಎರಡು ದಿನಕ್ಕೊಮ್ಮೆ ಪಂಚರ್ ಆಗುತ್ತಿತ್ತು. ದಸ್ತಗೀರ್ ಆಗ ಊರೊಳಗೆ, ಹಿಂದೆ ಮೂರು ಕಂದೀಲು ಉರಿಯುತ್ತಿದ್ದ ತೀನ್ ಕಂದಿಲ್ ಚೌಕದ ಹತ್ತಿರ ಗಾಳಿಪಂಪು ಇಟ್ಟುಕೊಂಡು ಕೂಡುತ್ತಿದ್ದ.

“ನಮ್ಮ ಕಡೆ ಬಂದು ಅಂಗಡಿ ಹಾಕೋ ದಸ್ತಗೀರ. ಗಿರಾಕಿ ಇರಲಿಕ್ಕಿಲ್ಲ, ಆದ್ರ ಮುಳ್ಳಿಗೇನೂ ಕಮ್ಮಿ ಇಲ್ಲ” ಎಂದಿದ್ದರು ಮಾಸ್ತರರು.

“ನಿಮ್ಮ ಸೈಕಲ್ ಒಂದ ಸಾಕು ಬಿಡ್ರಿ ಮಾಸ್ತರ, ನನ್ನ ಸಂಸಾರ ನಡೀತದ” ಎಂದು ನಕ್ಕು ಅವನು ಬಂದಿದ್ದ.

ಮಾಸ್ತರರ ಮನೆಯೆದುರಿಗೆ ತಗಡಿನ ಅಂಗಡಿ ಎದ್ದಿತು. ದಾರಿಹೋಕರಿಗೆಂದು ಅವನು ಮುಂದೊಂದು ನೀರಿನ ಹರವಿ ಇಟ್ಟ. ನೀರು ಮಾಸ್ತರರ ಬೋರಿನದು.

ಕಡೆಗೆ ಬಸ್ಸು ಬಂತು. ಮಾಸ್ತರರು ಮಡಿ ಧೋತರ ಉಟ್ಟು ಡ್ರೈವರನಿಗೆ ಹಾರ ಹಾಕಿದರು, ಕಂಡಕ್ಟರನಿಗೆ ಪೇಡೆ ಕೊಟ್ಟರು. ಇಬ್ಬರೂ ಪೇಡೆ ತಿಂದು, ದಸ್ತಗೀರನ ಹರವಿಯಿಂದ ತಣ್ಣಗೆ ನೀರು ಕುಡಿದು ಹೋದರು. ಮರುದಿನ ಬಸ್ಸು ನಿಲ್ಲುವಾಗ ಕಂಡಕ್ಟರ್ ಕೂಗಿದ: “ದಸ್ತಗೀರ್ ಅಂಗಡಿ, ಇಳೀರಿ!” ಕಂಡಕ್ಟರರು ಸ್ಟಾಪಿಗೆ ಹೆಸರಿಡುವುದು ಹೀಗೆಯೇ. ಪೇಡೆ ಒಂದು ದಿನದ್ದು, ನೀರು ದಿನಾಲೂ ಬೇಕಾದದ್ದು.

“ನೀರು ನಮ್ಮ ಬೋರಿಂದು, ಹೆಸರು ಅವಂದು!” ಮಾಸ್ತರರು ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಕುದ್ದರು.

“ನೀವೂ ಒಂದು ಹರವಿ ಇಡ್ರಿ. ಯಾರು ಬ್ಯಾಡಂದಾರ?”

“ಓಡಾಡಿ ಬಸ್ಸು ತಂದಾಂವ ನಾನು. ಇನ್ನ ಹರವೀನೂ ನಾನ ತುಂಬಬೇಕೇನು?”

ಒಂದು ಬೇಸಿಗೆ ಅವರು ಬೋರಿನ ನಳಕ್ಕೆ ಬೀಗವನ್ನೇ ಹಾಕಿಬಿಟ್ಟರು. ದಸ್ತಗೀರ್ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ದೂರದ ಬಾವಿಯಿಂದ ನೀರು ತಂದು ಹರವಿ ತುಂಬಿದ. “ಪಾಪ, ನಮ್ಮ ಸಲುವಾಗಿ ಎಲ್ಲಿಂದ ಹೊತ್ತು ತರ್ತಾನ ನೋಡ್ರಿ” ಎಂದು ಬಸ್ಸಿನವರು ಅವನನ್ನು ಮತ್ತಷ್ಟು ಹೊಗಳಿದರು. ಮಾಸ್ತರರು ಸದ್ದಿಲ್ಲದೆ ಬೀಗ ತೆಗೆದರು. ಅಷ್ಟರಲ್ಲಿ ಅವನ ಹೆಸರು ಇನ್ನೂ ಆಳಕ್ಕೆ ಬೇರು ಬಿಟ್ಟಿತ್ತು.

ಹಾಗೆಂದು ಇಬ್ಬರೂ ಮಾತು ಬಿಟ್ಟಿರಲಿಲ್ಲ. ಸಂಜೆಯಾದರೆ ಮಾಸ್ತರರು ಅದೇ ಅಂಗಡಿಯ ಬೆಂಚಿನ ಮೇಲೆ ಕೂತು ದಸ್ತಗೀರನಿಗೆ ಪೇಪರು ಓದಿ ಹೇಳುತ್ತಿದ್ದರು. ಅವನ ಮನೆಯ ಖೀರು ಬಂದರೆ ತಾವು ಮುಟ್ಟದೆ, “ನಮ್ಮ ಮಡಿ ನಿನಗ ಗೊತ್ತದಲ್ಲೋ” ಎನ್ನುವರು. ಬದಲಿಗೆ ಅವನು ಸುಲಿದುಕೊಟ್ಟ ಬಾಳೆಹಣ್ಣು ತಿನ್ನುವರು. ಸ್ನೇಹಕ್ಕೂ ಹೊಟ್ಟೆಕಿಚ್ಚಿಗೂ ಅವರ ಎದೆಯಲ್ಲಿ ಬೇರೆಬೇರೆ ಖೋಲಿಗಳಿದ್ದವು.

ಊರು ನಿಜಕ್ಕೂ ನಡೆದು ಬಂತು. ಜಾಲಿ ಹೋಗಿ ಪ್ಲಾಟುಗಳಾದವು, ಪ್ಲಾಟಿನಲ್ಲಿ ಮಹಡಿಗಳೆದ್ದವು, ರಸ್ತೆಯನ್ನು ನಾಲ್ಕು ಪಥಕ್ಕೆ ಅಗಲ ಮಾಡುವವರು ಬಂದು ಗೋಡೆಗಳ ಮೇಲೆ ಕೆಂಪು ಗೀಟು ಎಳೆದರು. ಮಾಸ್ತರರ ಕಾಂಪೌಂಡಿನ ಒಂದಿಷ್ಟು ಹೋಯಿತು. ದಸ್ತಗೀರನ ಅಂಗಡಿ ಇಡಿಯಾಗಿ ಹೋಯಿತು. ಜೆಸಿಬಿ ತಗಡು ಮಡಚುವಾಗ ಮಾಸ್ತರರು ಅವನ ಪಾನಾ-ಇಕ್ಕಳದ ಡಬ್ಬಿಯನ್ನು ಎದೆಗವಚಿಕೊಂಡು ಪಕ್ಕದಲ್ಲೇ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು. ಒಳಗೆ ಮಾತ್ರ ಒಂದು ಆಸೆ ಬಾಲ ಅಲ್ಲಾಡಿಸುತ್ತಿತ್ತು: ಅಂಗಡಿಯೇ ಇಲ್ಲದ ಮೇಲೆ ಹೆಸರೆಲ್ಲಿ ನಿಂತೀತು?

ಹೊಸ ರಸ್ತೆಗೆ ಹೊಸ ತಂಗುದಾಣವಾಯಿತು. ಬೋರ್ಡು ಬರೆಯುವ ಪೇಂಟರ್ ಅಲ್ತಾಫ್ ಡಬ್ಬಿ ಹಿಡಿದು ಬಂದು, ಗೇಟಿನಲ್ಲಿ ನಿಂತಿದ್ದ ಹಿರಿಯರನ್ನೇ ಕೇಳಿದ: “ಏನಂತ ಬರೀಲ್ರೀ ಯಪ್ಪಾ?”

ಮಾಸ್ತರರು ರಸ್ತೆಯ ಎರಡೂ ಕಡೆ ನೋಡಿದರು. “ಮಾಸ್ತರ ಮನೆ ಅಂತ ಬರಿ.”

“ಯಾವ ಮಾಸ್ತರ್ರೀ?”

“ಇರೋದ ಒಬ್ಬಾಂವ. ನೀ ದಪ್ಪಗ ಬರಿ.”

ನೀಲಿಯ ಮೇಲೆ ಬಿಳಿ ಅಕ್ಷರ ಮೂಡಿದವು. ಮಾಸ್ತರರು ದೂರ ಹೋಗಿ ಓದಿದರು, ಹತ್ತಿರ ಬಂದು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಮರುದಿನ ಕೆಲಸವಿಲ್ಲದಿದ್ದರೂ ಸ್ಟೇಷನ್ನಿಗೆ ಹೋಗಿ, ಬಸ್ಸು ಹತ್ತಿ, ನಾಲ್ಕು ಮಂದಿಗೆ ಕೇಳುವಂತೆ ಹೇಳಿದರು: “ಒಂದು ಮಾಸ್ತರ ಮನಿ!”

ಕಂಡಕ್ಟರ್ ಹುಬ್ಬು ಗಂಟಿಕ್ಕಿದ. “ಅದೆಲ್ಲಿ ಬರ್ತದ್ರೀ?”

“ಬೋರ್ಡು ಓದೂದಿಲ್ಲೇನಪಾ ನೀವು?”

ಹಿಂದಿನ ಸೀಟಿನ ಹೆಂಗಸೊಬ್ಬಳು ನೆರವಿಗೆ ಬಂದಳು. “ಹಳೇ ದಸ್ತಗೀರ್ ಅಂಗಡಿ ಹೇಳಾಕತ್ತಾರ ನೋಡಣ್ಣಾ.”

“ಅಂಗಡಿ ಎಲ್ಲದ ಅಲ್ಲಿ?” ಮಾಸ್ತರರು ಸೀಟಿನಿಂದ ಅರ್ಧ ಎದ್ದರು. “ಕೆಡವಿ ವರ್ಷಾತು!”

“ತೀನ್ ಕಂದಿಲ್‌ನಾಗ ಈಗ ಯಾರರ ಕಂದೀಲ ಹಚ್ಚತಾರೇನ್ರೀ?” ಎಂದ ಕಂಡಕ್ಟರ್. ಬಸ್ಸು ನಕ್ಕಿತು.

‘ಹಳೇ’ ಎಂಬುದು ಯಾಕೆ ಬಂತೆಂದು ಅವರಿಗೆ ಆಮೇಲೆ ತಿಳಿಯಿತು. ದಸ್ತಗೀರ್ ಕಲ್ಮಲದ ದಿಕ್ಕಿಗೆ, ಹೊಸ ಲೇಔಟಿನ ಬಾಯಲ್ಲಿ ಅಂಗಡಿ ಹಾಕಿದ್ದ. ಮುಂದೊಂದು ಹರವಿ. ಬಸ್ಸು ಅಲ್ಲಿಯವರೆಗೆ ಓಡತೊಡಗಿತ್ತು, ಆ ಸ್ಟಾಪಿಗೂ ಅವನದೇ ಹೆಸರು ಬಿದ್ದಿತ್ತು. ಒಂದೇ ರಸ್ತೆಯಲ್ಲಿ ಅವನಿಗೆ ಎರಡು ಸ್ಟಾಪು! ಮಾಸ್ತರರು ಅಂದು ರಾತ್ರಿ ಉಣ್ಣಲಿಲ್ಲ. ಮಾರನೆಯ ಸಂಜೆ ಪೇಪರು ಹಿಡಿದು ಹೊಸ ಅಂಗಡಿಗೆ ಹೋದರು.

“ನೀ ಏನು ನಿಜಾಮನೇನೋ? ಹೋದಲ್ಲೆಲ್ಲ ಊರು ನಿನ್ನ ಹೆಸರಿಗೆ ಆಗ್ತಾವ!”

“ನಾ ಏನ್ ಮಾಡ್ಲಿ ಮಾಸ್ತರ? ನಾ ಸುಮ್ನ ಪಂಚರ್ ಹಾಕಾಕತ್ತೀನಿ” ಎಂದ ದಸ್ತಗೀರ್. “ಬೇಕಾದ್ರ ಒಂದು ತಗೊಂಡುಬಿಡ್ರಿ.”

“ನೀ ಕೊಟ್ಟದ್ದು ನನಗ ಬ್ಯಾಡ” ಎಂದು ಮಾಸ್ತರರು ಪೇಪರು ಬಿಚ್ಚಿದರು.

ಈ ಬೇಸಿಗೆಯ ಒಂದು ಬೆಳಗ್ಗೆ, ಸಂಧ್ಯಾವಂದನೆಗೆ ಕೂತವರು ಹಾಗೆಯೇ ಗೋಡೆಗೆ ಒರಗಿದರು. ತುಳಸಿಬಾಯಿ ಕರೆದರೆ ಓಗೊಡಲಿಲ್ಲ.

ಸುದ್ದಿ ತಿಳಿದು ದಸ್ತಗೀರ್ ಅಂಗಡಿ ಮುಚ್ಚಿ ಓಡಿ ಬಂದ. ಒಳಗೆ ಮಡಿಯ ಕೆಲಸ ನಡೆದಿತ್ತು. ಅವನಿಗೆ ಅಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಹೊರಗೆ ಬಂದು ರಸ್ತೆ ನೋಡಿದ. ಮಾನ್ವಿಯಿಂದ, ದೇವದುರ್ಗದಿಂದ ಬಂಧುಗಳು, ಹಳೆಯ ಶಿಷ್ಯರು ಬರುವವರಿದ್ದರು. ಆ ದೂರದ ಬಸ್ಸುಗಳು ಈ ಅಗಲ ರಸ್ತೆಯಲ್ಲಿ ಯಾರಿಗೂ ನಿಲ್ಲುವುದಿಲ್ಲ, ಸೀದಾ ಬಸ್‌ಸ್ಟ್ಯಾಂಡಿಗೇ ಹೋಗುತ್ತವೆ. ದಸ್ತಗೀರ್ ತಲೆಗೆ ಟವೆಲು ಸುತ್ತಿಕೊಂಡು ರಸ್ತೆಗಿಳಿದ. ಬಂದ ಒಂದೊಂದು ಬಸ್ಸಿಗೂ ಎರಡೂ ಕೈಯೆತ್ತಿ ಅಡ್ಡ ನಿಂತ.

“ಲೇ ಮುದುಕಾ, ಸಾಯಬೇಕಂತ ಮಾಡೀಯೇನು?” ಡ್ರೈವರನೊಬ್ಬ ಬ್ರೇಕು ತುಳಿದು ಬೈದ.

“ಮಾಸ್ತರ ಮನಿ ಸ್ಟಾಪ್ ರೀ ಇದು. ಮಾಸ್ತರ ಮನಿಯವರು ಇದ್ರ ಇಳಸ್ರಿ” ಎಂದ ದಸ್ತಗೀರ್. ಅವನ ಮುಖ ಕಂಡು ಡ್ರೈವರ್ ಬಾಗಿಲು ತೆಗೆಸಿದ. ಬಿಸಿಲು ಏರಿತು, ಅವನು ಸರಿಯಲಿಲ್ಲ. ಒಬ್ಬ ಕಂಡಕ್ಟರ್ ಎದುರು ಬಂದ ಬಸ್ಸಿನವನಿಗೆ ಹೇಳಿ, ಅವನು ಇನ್ನೊಬ್ಬನಿಗೆ ಹೇಳಿ, ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳು ತಾವಾಗಿಯೇ ನಿಲ್ಲತೊಡಗಿದವು. “ಮಾಸ್ತರ ಮನಿ, ಮಾಸ್ತರ ಮನಿ, ಇಳೀರಿ!” ಒಳಗೆ ಮಲಗಿದ್ದವರಿಗೆ ಮಾತ್ರ ಅದು ಕೇಳಲಿಲ್ಲ.

ಕರ್ಮಾಂತರಗಳೆಲ್ಲ ಮುಗಿದ ಮೇಲೆ ತುಳಸಿಬಾಯಿ ಒಬ್ಬರೇ ಮಾರ್ಕೆಟ್ಟಿಗೆ ಹೋಗಿ ಬಸ್ಸು ಹತ್ತಿದರು. ಕಂಡಕ್ಟರ್ ಕೇಳಿದ: “ಎಲ್ಲಿಗ್ರೀ ಯವ್ವಾ?”

“ದಸ್ತಗೀರ್ ಅಂಗಡಿ. ಹಳೇದು.”

“ಮಾಸ್ತರ ಮನಿ ಅನ್ರೀ ಯವ್ವಾ. ಹಳೇದು ಹೊಸಾದು ಅಂದ್ರ ನಮಗ ತಲಿ ಕೆಡ್ತದ” ಎಂದು ಅವನು ಹೆಂಗಸರ ಶೂನ್ಯ ಟಿಕೀಟು ಹರಿದು ಕೊಟ್ಟ.

ಸ್ಟಾಪು ಬಂತು. “ಮಾಸ್ತರ ಮನಿ ಯಾರ್ರೀ?” ಎಂದು ಕಂಡಕ್ಟರ್ ಕೂಗಿದ. ತುಳಸಿಬಾಯಿ ಕೇಳುತ್ತ ಕೂತಿದ್ದರು. “ಮಾಸ್ತರ ಮನಿ!” ಇನ್ನೊಮ್ಮೆ ಕೂಗಿದ. ಮತ್ತೊಮ್ಮೆ ಕೂಗಿಯಾನೇನೋ ಎಂದು ಅವರು ಕಾದರು. ಅವನು ಸೀಟಿ ಊದಿದ, ಬಸ್ಸು ಹೊರಟುಬಿಟ್ಟಿತು.

ಮುಂದಿನ ಸ್ಟಾಪಿನಲ್ಲಿ ಇಳಿದು, ಸೆರಗು ತಲೆಗೆ ಹೊದ್ದು, ಚೀಲ ಹಿಡಿದು ಹಿಂದಕ್ಕೆ ನಡೆದು ಬಂದರು. ಬೀಗ ತೆಗೆದು, ತಾವೇ ಕಾಫಿಗೆ ನೀರಿಟ್ಟರು.