ಉಗಿಯ ಚಕ್ರ ಬಿಚ್ಚಿದ ಫಿಟ್ಟರ್ ಕಾಕಾ

ಅವರಿಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ಹಿಂದೆ ಮಿರಜ್ ಕಡೆಯ ಯಾವುದೋ ಎಣ್ಣೆ ಕಾರ್ಖಾನೆಯಲ್ಲಿ ಬೆಂಕಿ ಮುಖ ಸವರಿಕೊಂಡು ಹೋದಾಗ ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲ. ಆ ಕಡೆಯಿಂದ ನೋಡಿದರೆ ಅವರು ಎದುರಿಗಿದ್ದವರ ಮಾತನ್ನು ಸ್ವಲ್ಪವೂ ನಂಬುತ್ತಿಲ್ಲ ಎನ್ನಿಸುತ್ತಿತ್ತು. ಮೊಣಕೈವರೆಗೆ ಅರಿಸಿನದ ಬಣ್ಣ. ಸೋಪಿಗೂ ಹೋಗದು, ಸೀಮೆಎಣ್ಣೆಗೂ ಹೋಗದು. "ವರ್ಷಾನಗಟ್ಟಲೆ ಮದುಮಗಾ ನೋಡ್ರಿ ನಾ" ಎಂದು ತಾವೇ ನಗುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ರಾಯಬಾಗದ ರಸ್ತೆಯ ಒಂದು ಕಾರ್ಖಾನೆಗೆ ಕೆಮಿಸ್ಟ್ ಆಗಿ ಸೇರಿದ್ದೆ. ಸುತ್ತಲಿನ ಊರುಗಳ ಅರಿಸಿನವನ್ನು ಪುಡಿ ಮಾಡಿ, ಎರಡಾಳೆತ್ತರದ ಉಕ್ಕಿನ ಪಾತ್ರೆಗೆ ತುಂಬಿ, ಅದರ ಮೇಲೆ ಸಾಲ್ವೆಂಟ್ ಹರಿಸುತ್ತಿದ್ದರು. ಪೆಟ್ರೋಲಿನ ಹಾಗೆ ಥಟ್ಟನೆ ಹೊತ್ತಿಕೊಳ್ಳುವ ದ್ರವ ಅದು. ಪುಡಿಯ ಬಣ್ಣ, ಸತ್ವ ಎರಡನ್ನೂ ಎಳೆದುಕೊಂಡು ಕೆಳಗಿಳಿಯುತ್ತಿತ್ತು. ಆಮೇಲೆ ಉಗಿಯ ಕಾವು ಕೊಟ್ಟರೆ ಸಾಲ್ವೆಂಟ್ ಆವಿಯಾಗಿ, ತಳದಲ್ಲಿ ಜೋನಿಬೆಲ್ಲದಂಥ ಕೇಸರಿ ರಸ ಉಳಿಯುತ್ತಿತ್ತು. ಆವಿಯನ್ನು ತಣ್ಣೀರು ಹರಿಯುವ ಕಂಡೆನ್ಸರ್‌ನಲ್ಲಿ ತಣಿಸಿ ಮತ್ತೆ ದ್ರವ ಮಾಡಿಕೊಳ್ಳುತ್ತಿದ್ದರು. ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ಕಲಿಸಿದವರು ಮಾತ್ರ ಫಿಟ್ಟರ್ ಕಾಕಾ.

ಪಾಲಬಾವಿಯವರು. ಓದಿದ್ದು ನಾಲ್ಕನೆಯ ಇಯತ್ತೆ. ಬೆಳಿಗ್ಗೆ ಸೈಕಲ್ಲು ನಿಲ್ಲಿಸಿದವರೇ ಪ್ಲಾಂಟಿನ ಒಂದೊಂದು ಮೂಲೆಯಲ್ಲೂ ಮಂಡಿಯೂರಿ ನೆಲ ಮೂಸುತ್ತಿದ್ದರು. ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ ಬಾಯಾರ. ಇದರ ಆವಿ ಗಾಳಿಗಿಂತ ಜಡ. ನೆಲಾ ಹಿಡದ ಹೋಗಿ ಎಲ್ಲೆರ ಕೆಂಡ ಐತೇನ ಅಂತ ಹುಡಕತೈತಿ. ನಿಂತ ಮೂಗಿಗೆ ಬರೂದ್ರಾಗ ತಡಾ ಆಗಿರತೈತಿ."

ಮರುದಿನದಿಂದ ನಾನೂ ಮಂಡಿಯೂರಿದೆ. ಆವತ್ತಿನಿಂದ ನಾನು ಮರ್ಯಾದೆಯ 'ಬಾಯಾರ' ಹೋಗಿ 'ತಂಗಿ' ಆದೆ. ಪ್ಲಾಂಟಿನೊಳಗೆ ಅವರು ಹಿತ್ತಾಳೆಯ ಸುತ್ತಿಗೆ ಬಿಟ್ಟು ಬೇರೆ ಮುಟ್ಟಗೊಡುತ್ತಿರಲಿಲ್ಲ, ಕಿಡಿ ಹಾರುತ್ತದೆಂದು. ಕಬ್ಬಿಣದ ನಾಲು ಬಡಿದ ಚಪ್ಪಲಿ ಹೊರಗೇ ಬಿಡಬೇಕು. ಒಮ್ಮೆ ಕಾರ್ಖಾನೆಯ ಸಾಹುಕಾರರ ಅಳಿಯನನ್ನೇ, ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇದೆಯೆಂದು ಬಾಗಿಲಲ್ಲಿ ನಿಲ್ಲಿಸಿದ್ದರು.

ಆ ಬೇಸಿಗೆಯಲ್ಲಿ ಕಂಡೆನ್ಸರಿನ ಕೊಳವೆಗಳು ಸವೆದಿದ್ದವು. ಬದಲಿಸಬೇಕೆಂದು ಕಾಕಾ ವಾರಕ್ಕೊಮ್ಮೆ ರಜಿಸ್ಟರಿನಲ್ಲಿ ಬರೆಯುತ್ತಿದ್ದರು. "ಸೀಜನ್ ಮುಗೀಲಿ" ಎನ್ನುತ್ತಿದ್ದರು ಮ್ಯಾನೇಜರ್.

ಒಂದು ಮುಂಜಾನೆ ಕಾಂಪೌಂಡಿನ ಹೊರಗೆ ಗಲಾಟೆ ಕೇಳಿ ಲ್ಯಾಬಿನಿಂದ ಓಡಿದೆ. ಕಂಡೆನ್ಸರಿನ ನೀರು ಹೊರಗಿನ ಗಟಾರಕ್ಕೆ ಬೀಳುತ್ತಿತ್ತು. ಅದರ ದಂಡೆಯಲ್ಲೇ ಒಬ್ಬ ಹೆಂಗಸಿನ ಚಹಾದಂಗಡಿ. ಅವಳ ಒಲೆಯ ಮೇಲೆ ಕಾಕಾ ಒಂದು ಕೊಡ ನೀರು ಸುರಿದಿದ್ದರು. ಹಾಲಿನ ಪಾತ್ರೆ ಉರುಳಿತ್ತು. ಅವಳು ಬಾಯಿಗೆ ಬಂದಂತೆ ಬೈಯುತ್ತಿದ್ದಳು.

"ಗಟಾರದ ನೀರ ಮೂಸ ತಂಗಿ" ಎಂದಷ್ಟೇ ಹೇಳಿ ಕಾಕಾ ಒಳಗೆ ಓಡಿದರು.

ಬಗ್ಗಿದೆ. ಸಾಲ್ವೆಂಟಿನ ವಾಸನೆ ಮೂಗಿಗೆ ಹೊಡೆಯಿತು. ಕೊಳವೆ ತೂತಾಗಿ ಅದು ನೀರಿನೊಂದಿಗೆ ಹೊರಗೆ ಹರಿಯುತ್ತಿತ್ತು. ಒಲೆಗೂ ಗಟಾರಕ್ಕೂ ಮೂರು ಮಾರಿನ ಅಂತರವೂ ಇರಲಿಲ್ಲ.

ನಾನು ಒಳಗೆ ಹೋಗುವಷ್ಟರಲ್ಲಿ ಕಾಕಾ ಉಗಿಯ ವಾಲ್ವು ಮುಚ್ಚಿ, ಅದನ್ನು ತಿರುಗಿಸುವ ಚಕ್ರವನ್ನೇ ಬಿಚ್ಚಿ ಬುತ್ತಿಯ ಚೀಲಕ್ಕೆ ಹಾಕಿಕೊಂಡಿದ್ದರು. ಸಾಹುಕಾರರು ಜೀಪಿನಲ್ಲಿ ಬಂದರು.

"ಮುಂಬೈ ಲಾರಿ ನಿಂತೈತಿ. ತೂತಿಗೆ ಒಂದ ಬೂಚ ಬಡದ ಚಾಲೂ ಮಾಡು."

"ಒಂದ ತೂತ ಅಲ್ರಿ, ಎಲ್ಲಾ ಹಂಗ ಆಗ್ಯಾವ. ನಾ ಚಾಲೂ ಮಾಡೂದಿಲ್ಲ."

"ಮಷೀನ ಯಾರದಲೇ?"

"ಮಷೀನ ನಿಮ್ದರಿ. ಮಂದಿ ಜೀವ ನಿಮ್ದಲ್ಲ."

ಮ್ಯಾನೇಜರ್ ನಡುವೆ ಬಾಯಿ ಹಾಕಿದರು. "ನಿಮ್ಮ ಮಂದೀನ್ನ ಒಳಗ ಬಿಟ್ಟದ್ದ ತಪ್ಪಾತು."

ಕಾಕಾ ಹುಬ್ಬಿಲ್ಲದ ಕಣ್ಣನ್ನು ಅವರತ್ತ ತಿರುಗಿಸಿದರು. "ಚಾದಂಗಡಿ ಹೆಣ್ಮಗಳು ನಿಮ್ಮ ಮಂದಿ ಅದಾಳ್ರಿ. ನಮ್ಮ ಓಣಿಯವರಿಗೆ ಕಿಡಕ್ಯಾಗ ಬ್ಯಾರೆ ಕಪ್ ಇಟ್ಟಾಳ. ಆದ್ರೂ ಆಕೀ ಒಲಿ ಆರಿಸಿದಾಂವ ನಾನ."

ನಾನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ಗಟಾರದ ನೀರು ನಾನೂ ಮೂಸಿದ್ದೇನೆ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಚಕ್ರ ಕದ್ದನೆಂದು ಪೊಲೀಸರಿಗೆ ಕೊಡುತ್ತೇನೆ ಎಂದರು ಸಾಹುಕಾರರು. "ಕರೀರಿ. ಪಂಚನಾಮೆ ಮಾಡುವಾಗ ಕಂಡೆನ್ಸರ್ ಸೈತ ಬಿಚ್ಚಿ ತೋರಸೂಣು" ಎಂದು ಕಾಕಾ ಗೇಟಿನ ಎದುರು ಬೇವಿನ ನೆರಳಲ್ಲಿ ಹೋಗಿ ಕೂತರು. ಪೊಲೀಸರು ಬರಲಿಲ್ಲ. ಮೂರು ದಿನ ಅವರು ಸರಿಯಾಗಿ ಕೆಲಸದ ಹೊತ್ತಿಗೆ ಬಂದು, ಅಲ್ಲೇ ಕೂತು, ಹೊತ್ತಿಗೆ ಸರಿಯಾಗಿ ಮನೆಗೆ ಹೋದರು.

ಮೂರನೆಯ ದಿನ ಇಚಲಕರಂಜಿಯಿಂದ ಬೇರೊಬ್ಬ ಫಿಟ್ಟರನನ್ನು ಕರೆಸಿದರು. ಅವನು ಕಂಡೆನ್ಸರಿನ ಮುಚ್ಚಳ ತೆಗೆದು ಬ್ಯಾಟರಿಯ ಬೆಳಕು ಬಿಟ್ಟು ನೋಡಿದ. "ತುಮಚಾ ಮಾಣೂಸ್ ಬರೋಬರ್ ಆಹೇ. ಮೀ ಹಾತ್ ಲಾವಣಾರ್ ನಾಹೀ" ಎಂದ. ನಿಮ್ಮ ಮನುಷ್ಯ ಹೇಳಿದ್ದೇ ಸರಿ, ನಾನು ಇದಕ್ಕೆ ಕೈ ಹಚ್ಚುವುದಿಲ್ಲ ಎಂದು. ಸಾಹುಕಾರರು ಹೊಸ ಕೊಳವೆ ತರಿಸಲೇಬೇಕಾಯಿತು.

ಕೊಳವೆ ಬಂದ ದಿನ ಕಾಕಾ ಚಕ್ರವನ್ನು ತಂದು ವಾಚ್‌ಮನ್ ಕೈಗೆ ಕೊಟ್ಟರು. ತಪ್ಪಾಯಿತೆಂದು ಬರೆದುಕೊಟ್ಟರೆ ಒಳಗೆ ಬಾ ಎಂದು ಸಾಹುಕಾರರು ಹೇಳಿಕಳಿಸಿದರು. "ಬರಿಯೂದ ಅವರದೈತಿ, ನಂದಲ್ಲ" ಎಂದು ಕಾಕಾ ಸೈಕಲ್ಲು ತಿರುಗಿಸಿದರು. ಚಹಾದಂಗಡಿಯವಳು ಗಾಜಿನ ಗ್ಲಾಸಿನಲ್ಲಿ ಚಹಾ ಹಿಡಿದು ರಸ್ತೆಗೆ ಬಂದಳು.

"ಕುಡೀರಿ ಅಣ್ಣಾರ."

"ನನಗೊಬ್ಬಗ ಬ್ಯಾಡವಾ. ನಮ್ಮ ಓಣಿಯವರಿಗೆಲ್ಲಾ ಇದ ಗ್ಲಾಸಿನ್ಯಾಗ ಕೊಡಂಗಿದ್ರ ಹೇಳು, ನಾಳೆ ಬಂದ ಕುಡೀತೇನಿ."

ಅವಳು ಗ್ಲಾಸು ಹಿಡಿದುಕೊಂಡೇ ಅಂಗಡಿಗೆ ಮರಳಿದಳು. ಆ ವರ್ಷವೆಲ್ಲ ಕಿಟಕಿಯಲ್ಲಿನ ಆ ಬೇರೆ ಕಪ್ ಅಲ್ಲೇ ಇತ್ತು. ಕಾಕಾ ಮತ್ತೆ ಆ ರಸ್ತೆಗೆ ಬರಲಿಲ್ಲ. ಊರಲ್ಲೇ ಪಂಪು ರಿಪೇರಿಗೆ ಕೂತರು.

ಎರಡು ವರ್ಷದ ಮೇಲೆ ನನ್ನ ಸರದಿ. ಒಂದು ಮಾಲಿನಲ್ಲಿ ಸಾಲ್ವೆಂಟ್ ಇರಬೇಕಾದದ್ದಕ್ಕಿಂತ ಹೆಚ್ಚು ಉಳಿದಿತ್ತು. ಅದು ಜನರ ಹೊಟ್ಟೆಗೆ ಹೋಗುವ ಬಣ್ಣ. ಸರಿಯಾಗಿದೆ ಎಂದು ಬರೆದ ಕಾಗದವನ್ನು ಮ್ಯಾನೇಜರ್ ನನ್ನ ಮುಂದಿಟ್ಟು ಪೆನ್ನಿನ ಟೋಪಿ ತೆಗೆದುಕೊಟ್ಟರು. ಸಹಿ ಮಾಡಲಿಲ್ಲ. ಸಂಜೆಯೊಳಗೆ ಕೆಲಸ ಹೋಯಿತು. ಮನೆಯ ಬಸ್ಸು ಹತ್ತುವ ಬದಲು ಪಾಲಬಾವಿಗೆ ಹೋದೆ.

ಕಾಕಾ ಎಲ್ಲ ಕೇಳಿದರು. ಶಹಭಾಸ್ ಎನ್ನಲಿಲ್ಲ. "ಉಂಡಿಲ್ಲ ಅಂತ ಕಾಣತೈತಿ. ನಮ್ಮನ್ಯಾಗ ಉಣತೀ ಏನ ತಂಗಿ?" ಎಂದರು.

ಉಂಡೆ. ರೊಟ್ಟಿ, ಬದನೆಕಾಯಿ ಪಲ್ಯ. ಮನೆಗೆ ಬಂದು ಅದನ್ನೂ ಹೇಳಿದೆ. ನಮ್ಮಜ್ಜಿ ಹದಿನೈದು ದಿನ ನನ್ನೊಂದಿಗೆ ಮಾತು ಬಿಟ್ಟಳು. ನಾನು ಪಾಲಬಾವಿಗೆ ಹೋಗುವುದು ಬಿಡಲಿಲ್ಲ. ಆಮೇಲೆ ಎಷ್ಟು ಕಡೆ ಕೆಲಸ ಮಾಡಿದೆನೋ, ಎಲ್ಲಿಯೂ ಸುಳ್ಳು ಕಾಗದಕ್ಕೆ ನನ್ನ ಹೆಸರು ಬೀಳಲಿಲ್ಲ. ಆ ಧೈರ್ಯ ನನ್ನದಲ್ಲ, ಅವರಿಂದ ಬಂದದ್ದು.

ತೊಂಬತ್ತರ ದಶಕದ ಕೊನೆಗೆ ಅವರು ಕೆಮ್ಮಿ ಕೆಮ್ಮಿ ತೀರಿಕೊಂಡರು. ಕಾರ್ಖಾನೆಯಿಂದ ಒಂದು ದೊಡ್ಡ ಹಾರ ಬಂದಿತ್ತು. ಅವರ ಹೆಂಡತಿ ಕಾಕೂ ಅದನ್ನು ಹೊಸ್ತಿಲು ದಾಟಗೊಡಲಿಲ್ಲ. "ಜೀಂವ ಇದ್ದಾಗ ತಪ್ಪಾತಂತ ಒಂದ ಮಾತ ಕಳಸಲಿಲ್ಲ. ಈಗ ಹೂವ ಯಾಕ್ರಿ, ಒಯ್ಯರಿ" ಎಂದರು.

ಮಣ್ಣಿಗೆಂದು ಸ್ಮಶಾನಕ್ಕೆ ಹೆಣ್ಣುಮಕ್ಕಳು ಹೋಗುವ ರೂಢಿ ಆ ಊರಲ್ಲಿ ಇರಲಿಲ್ಲ. ನಾನು ಹೊರಟೆ. ದಾರಿಯಲ್ಲಿ ಹಿರಿಯರೊಬ್ಬರು ಅಡ್ಡ ನಿಂತರು. ಹಿಂದಿನಿಂದ ಕಾಕೂ ಬಂದು ನನ್ನ ಕೈ ಹಿಡಿದರು. "ಆಕೀ ಬರತಾಳ. ನಾನೂ ಬರತೇನಿ." ಹಿರಿಯರು ದಾರಿ ಬಿಟ್ಟರು. ಇಬ್ಬರೂ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿ ಬಂದೆವು.