ಎದೆ ಕಾಣದ ಚಿತ್ರ

ಕೋವಿಡ್ ಅಡಗಿದ ಮರುವರ್ಷ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನಾನು ಗ್ಯಾಮಾ ಕ್ಯಾಮೆರಾ ಕೋಣೆಯ ಅಟೆಂಡರ್ ಆಗಿದ್ದೆ. ಓದು ಏಳನೇ ಕ್ಲಾಸಿಗೇ ನಿಂತಿತ್ತು. ಆದರೆ ಬಿಳಿಕೆರೆಯಿಂದ ಮೊದಲ ಬಸ್ಸಿಗೆ ಬಂದು ಆ ಕೋಣೆಯ ಬೀಗ ತೆಗೆಯುತ್ತಿದ್ದವನು ನಾನೇ. ಒಂದು ದಿನವೂ ತಡ ಮಾಡಿದವನಲ್ಲ.

ಅಲ್ಲಿನ ಪರೀಕ್ಷೆ ಇಷ್ಟು: ಇನ್‌ಹೇಲರ್‌ನ ಔಷಧಿಗೆ ಕೊಂಚ ವಿಕಿರಣ ವಸ್ತು ಸೇರಿಸಿ ರೋಗಿಗೆ ಕೊಡುತ್ತಾರೆ. ಔಷಧಿ ಮೈಯೊಳಗೆ ಎಲ್ಲಿ ಕೂತಿದೆಯೋ ಅಷ್ಟು ಜಾಗ ಪರದೆಯ ಮೇಲೆ ಬೆಳಗುತ್ತದೆ. ಮಿಕ್ಕಿದ್ದೆಲ್ಲ ಕತ್ತಲು.

ಹುಣಸೂರು ಕಡೆಯ ಚಿಕ್ಕಣ್ಣ ಬಂದ. ತಂಬಾಕಿನ ಎಲೆಯನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಮುಚ್ಚಿದ ಕೋಣೆಗಳಲ್ಲಿ, ಬ್ಯಾರನ್‌ಗಳಲ್ಲಿ, ದುಡಿದೇ ತಲೆ ನರೆತವನು. ಇನ್‌ಹೇಲರ್ ಸೇದಿ ಸೇದಿ ಉಬ್ಬಸ ಒಂಚೂರೂ ತಗ್ಗಿರಲಿಲ್ಲ. ಔಷಧಿ ಎದೆಗೆ ಹೋಗಿಯೂ ಹೀಗಾಗಿದ್ದರೆ ತಮ್ಮ ಕೈಲಿ ಹೆಚ್ಚೇನೂ ಉಳಿದಿಲ್ಲ ಎಂದು ಡಾಕ್ಟರ್ ಮೇಡಂ ಮೊದಲೇ ತಿಳಿಸಿದ್ದರು.

ಪರದೆ ಬೆಳಗಿತು. ಬಾಯಿ ಬೆಳಗುತ್ತಿತ್ತು, ಗಂಟಲು ಬೆಳಗುತ್ತಿತ್ತು, ಕೆಳಗೆ ಹೊಟ್ಟೆ. ನಡುವೆ ಏನೂ ಇಲ್ಲ. ಎದೆಯೇ ಇಲ್ಲದ ಮನುಷ್ಯ ಗಾಜಿನಾಚೆ ಮಲಗಿ ಕೆಮ್ಮುತ್ತಿದ್ದ. ಕೆಮ್ಮು ನನಗೆ ಕೇಳುತ್ತಿತ್ತು. ಅದು ಎಲ್ಲಿಂದ ಬರುತ್ತಿದೆಯೆಂದು ಪರದೆ ತೋರಿಸುತ್ತಿರಲಿಲ್ಲ. ಮೇಡಂ ಕ್ಯಾಮೆರಾ ಕೆಟ್ಟಿದೆಯೇ ಎಂದು ನೋಡಿದರು. ಕೆಟ್ಟಿರಲಿಲ್ಲ.

ಆಮೇಲೆ ಅವನು ಸೇದುವ ಬಗೆ ನೋಡಲು ಖಾಲಿ ಇನ್‌ಹೇಲರ್ ಕೊಟ್ಟು, ಎಳೆದು ದಮ್ ಕಟ್ಟಿ ಎಂದರು. ಚಿಕ್ಕಣ್ಣ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಕೆನ್ನೆ ಉಬ್ಬಿಸಿ ಒತ್ತಿದ. ಬಾಗಿಲಲ್ಲಿದ್ದ ಅವನ ಹೆಂಡತಿ ಪುಟ್ಟತಾಯಮ್ಮ ನಕ್ಕುಬಿಟ್ಟಳು.

“ಬ್ಯಾರನ್ ಬಾಗ್ಲಲ್ಲೂ ಇಂಗೇ ಕಣ್ರವ್ವ. ಜಳ ಮುಕಕ್ಕೆ ಒಡೀತದೆ ಅಂತ ಮೊದ್ಲು ದಮ್ ಕಟ್ತನೆ, ಆಮೇಲೆ ಬಾಗ್ಲು ತಗೀತನೆ.”

“ಕಟ್ದೆ ಇದ್ದಿದ್ರೆ ನಿನ್ ತಾಳಿ ಎಲ್ಲಿರೋದು, ಸುಮ್ಕಿರಮ್ಮಿ,” ಎಂದ ಚಿಕ್ಕಣ್ಣ.

ದಮ್ ಕಟ್ಟಿ ಎಂಬ ಮಾತು ಕಿವಿಗೆ ಬಿದ್ದೊಡನೆ ಅವನು ಎಳೆಯುವ ಮುಂಚೆಯೇ ಉಸಿರು ಬಿಗಿಹಿಡಿಯುತ್ತಿದ್ದ. ಔಷಧಿ ಬಾಯಲ್ಲೇ ಕೂತು ಎಂಜಲಿನ ಜೊತೆ ಹೊಟ್ಟೆಗಿಳಿಯುತ್ತಿತ್ತು. ಮೇಡಂ ಆ ಮಾತನ್ನೇ ಬಿಟ್ಟರು.

“ಬ್ಯಾರನ್ನಿಂದ ಆಚೆ ಬಂದ ತಕ್ಷಣ ಉಸಿರು ಹೆಂಗೆ ಎಳ್ಕೋತೀರಿ? ಹಂಗೆ ಎಳ್ಕೊಳ್ಳಿ.”

ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ. ಕತ್ತಲಲ್ಲಿ ಮೊದಲು ಗಂಟಲು ಕಂಡಿತು. ಆಮೇಲೆ, ಯಾರೋ ಒಳಗೆ ದೀಪ ಹಿಡಿದು ನಡೆದ ಹಾಗೆ, ಎರಡು ಶ್ವಾಸಕೋಶಗಳೂ ಮೆಲ್ಲಗೆ ಮೂಡಿಬಂದವು. ಎಡಗಡೆಯ ಕೆಳಮೂಲೆ ಮಾತ್ರ ಕಪ್ಪಾಗೇ ಉಳಿಯಿತು. ಮಿಕ್ಕಷ್ಟು ಅವನಿಗೆ ಸಾಕಾಯಿತು. ಅಂದು ಬಸ್ ಸ್ಟ್ಯಾಂಡಿನವರೆಗೆ ಎಲ್ಲೂ ಕೂರದೆ ನಡೆದ.

ನಾವಾಡುವ ಮಾತು ರೋಗಿಯ ಮೈಗೆ ಏನು ಹೇಳುತ್ತದೆಂದು ಮೊದಲು ಕೇಳಿಕೊಳ್ಳಬೇಕು. ಆ ಕೋಣೆ ನನಗೆ ಕಲಿಸಿದ್ದು ಅದು. ಈಗ ನಿವೃತ್ತ. ಹುಣಸೂರಿನ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಬ್ಯಾರನ್ನಿನ ಮುಚ್ಚಿದ ಬಾಗಿಲು ಕಂಡರೆ ಆ ಎದೆಯಿಲ್ಲದ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಬಸ್ಸು ದಾಟಿಹೋದ ಮೇಲೆ ಗೊತ್ತಾಗುತ್ತದೆ, ಅಲ್ಲಿಯತನಕ ನಾನೂ ದಮ್ ಕಟ್ಟಿದ್ದೆ ಎಂದು.